ಗ್ಯಾಸಿಗೊಬ್ಬ, ಗಾಳಿಗೊಬ್ಬಳು

ನೀರಿಗೆ ಗ್ಯಾಸ್ ಕುಡಿಸುವ ವಿಚಾರದಲ್ಲಿ ತನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ಸೋಡಣ್ಣ ಗಟ್ಟಿಯಾಗಿ ನಂಬಿದ್ದ. ಮೂವತ್ತೆಂಟು ವರ್ಷ ಸೋಡಾ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿ ದುಡಿದವನು, ಅಷ್ಟು ಜಂಬವಾದರೂ ಬೇಡವೇ? ಬಾಟಲಿಯನ್ನು ಬೆಳಕಿಗೆ ಹಿಡಿದು, ಗುಳ್ಳೆ ಏಳುವ ರೀತಿ ನೋಡಿಯೇ ಗ್ಯಾಸ್ ಎಷ್ಟು ಹಿಡಿದಿದೆ ಎಂದು ಹೇಳಿಬಿಡುತ್ತಿದ್ದ. ಮೀಟರು ಆಮೇಲೆ ಅದನ್ನೇ ಹೇಳುತ್ತಿತ್ತು. ನಿವೃತ್ತನಾದಾಗ ಫ್ಯಾಕ್ಟರಿ ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಅವನ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತಾನೇ ಇಟ್ಟುಕೊಂಡಿತು. ಯಂತ್ರದ ಗದ್ದಲವೆಂದರೆ ಸಾಮಾನ್ಯವೇ!

ಬುದ್ಧಿ ಹೇಳುವವರು ಹುಟ್ಟಿಲ್ಲ ಎಂಬುದು ಪೂರ್ತಿ ನಿಜವಲ್ಲ. ಒಬ್ಬಳು ಅವನಿಗಿಂತ ನಾಲ್ಕು ವರ್ಷ ಮೊದಲೇ ಹುಟ್ಟಿ ಕಾದು ಕೂತಿದ್ದಳು. ಅವನ ಅಕ್ಕ. ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಬೀದಿಯವರ ಬಾಯಲ್ಲಿ ಸಿಸ್ಟರಕ್ಕ. ತಮ್ಮನ ಹೆಂಡತಿ ತೀರಿಕೊಂಡ ವರ್ಷ ‘ಒಂದು ತಿಂಗಳು ಇದ್ದು ಹೋಗ್ತೀನಿ’ ಎಂದು ಕೈಚೀಲ ಹಿಡಿದು ಬಂದಳು. ಹನ್ನೊಂದು ವರ್ಷವಾದರೂ ಆ ಒಂದು ತಿಂಗಳು ಮುಗಿದಿರಲಿಲ್ಲ. ಅವಳ ಸರ್ವಿಸೆಲ್ಲ ಜನರ ಉಸಿರು ನೋಡುವುದರಲ್ಲೇ ಕಳೆದಿತ್ತು. ಯಾರೇ ಎದುರಿಗೆ ಕೂತರೂ ಅವರ ಎದೆ ಏರಿಳಿಯುವುದನ್ನು ಅವಳ ಕಣ್ಣು ತನ್ನಷ್ಟಕ್ಕೆ ಎಣಿಸುತ್ತಿತ್ತು. ಸೋಡಣ್ಣ ಕಿಟಕಿ ಮುಚ್ಚಿದರೆ ಅವಳು ತೆರೆಯುವಳು, ಅವಳು ತೆರೆದರೆ ಅವನು ಮುಚ್ಚುವನು. ಹಾವು ಮುಂಗುಸಿಯಾದರೂ ಊಟದ ಹೊತ್ತಿಗೆ ಸುಮ್ಮನಿರುತ್ತವೆ, ಇವರಿಗೆ ಅದೂ ಇಲ್ಲ.

ಇವರಿಬ್ಬರ ನಡುವೆ ಸೋಡಣ್ಣನ ಮಗಳು. ಬಣ್ಣದ ಮೀನು ಮಾರುವ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಮನೆಯ ಹಾಲಿನಲ್ಲಿ ನಾಲ್ಕಡಿ ಉದ್ದದ ಗಾಜಿನ ಟ್ಯಾಂಕಿಟ್ಟು, ಆರು ತಿಂಗಳಿಂದ ಅದರೊಳಗೆ ತೋಟ ಮಾಡುತ್ತಿದ್ದಳು. ಪ್ಲಾಸ್ಟಿಕ್ಕಿನ ಕೋಟೆ, ಬಾಯಿ ತೆರೆಯುವ ಮೊಸಳೆ ಅಂಥದ್ದೆಲ್ಲ ಇಲ್ಲ. ಎಲ್ಲ ಜೀವಂತ ಗಿಡ. ಮುಂದೆ ಹುಲ್ಲುಹಾಸು, ನಡುವೆ ಪಾಚಿ ಹೊದ್ದ ದೊಡ್ಡ ಮರದ ಬೇರು, ಅದರ ಹಿಂದೆ ಎತ್ತರದ ಕೆಂಪೆಲೆ ಗಿಡಗಳು. ಅವುಗಳ ಸಂದಿಯಲ್ಲಿ ಬೆರಳಿನ ತುದಿಯಷ್ಟು ಉದ್ದದ ಇಪ್ಪತ್ತೆರಡು ನೀಲಿ ಮೀನು.

ಆ ಟ್ಯಾಂಕನ್ನು ನೋಡಲು ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಮನೆಗೇ ಬರುವವರಿದ್ದರು. ಮಗಳ ಮೊಬೈಲಿನಲ್ಲಿ ಫೋಟೊ ನೋಡಿ ಮರುಳಾಗಿದ್ದರು. ಕಣ್ಣಾರೆ ನೋಡಿ ಒಪ್ಪಿಗೆಯಾದರೆ ಅವರ ಹೊಸ ಕ್ಲಿನಿಕ್ಕಿಗೆ ಇಂಥದ್ದೇ ಒಂದು ಟ್ಯಾಂಕ್.

“ಇದೊಂದು ಸಿಕ್ಕಿಬಿಟ್ರೆ ಸಾಕಪ್ಪ, ಅಂಗಡಿ ಬಿಟ್ಟು ನನ್ನದೇ ಕೆಲಸ ಶುರು ಮಾಡ್ತೀನಿ” ಎಂದಿದ್ದಳು ಮಗಳು. ಹೇಳುವಾಗ ಅವಳ ಮುಖ ಥೇಟು ಅವರಮ್ಮನ ಹಾಗೆ ಅರಳಿತ್ತು. ಅದನ್ನು ನೋಡಿದ ಮೇಲೆ ಸೋಡಣ್ಣ ಸುಮ್ಮನೆ ಕೂರುವುದಾದರೂ ಹೇಗೆ? ಅವಳಿಗಾಗಿ ಏನಾದರೂ ಮಾಡಬೇಕು ಎಂದು ಅವನ ಕೈ ತುರಿಸುತ್ತಿತ್ತು. ಕೈ ಹೋಗಿದ್ದು ನೇರ ಟ್ಯಾಂಕಿನ ಪಕ್ಕದ ಸಿಲಿಂಡರಿನ ಗ್ಯಾಸ್ ತಿರುಪಿಗೆ; ಸೋಡಾಕ್ಕೆ ಹಾಕುವ ಅದೇ ಗ್ಯಾಸು.

ತಿರುಪನ್ನು ಮುಟ್ಟಕೂಡದೆಂದು ಮಗಳು ಮೊದಲ ದಿನವೇ ಅವನ ಬಲಗಿವಿಯ ಹತ್ತಿರ ನಿಂತು ಹೇಳಿದ್ದಳು.

“ಗಿಡಕ್ಕೆ ಈ ಗ್ಯಾಸೇ ಊಟ. ಕಮ್ಮಿಯಾದ್ರೆ ಗಿಡ ಸೊರಗುತ್ತೆ. ಜಾಸ್ತಿಯಾದ್ರೆ ನೀರು ಹುಳಿಯಾಗಿ ಮೀನಿಗೆ ಉಸಿರು ಕಟ್ಟುತ್ತೆ. ಒಳಗೆ ತೂಗುಹಾಕಿರೋ ಈ ಗಾಜಿನ ಬುಡ್ಡಿ ನೋಡು. ಅದರ ಬಣ್ಣ ನೀಲಿ ಇದ್ರೆ ಗ್ಯಾಸ್ ಸಾಲದು, ಹಸಿರು ಇದ್ರೆ ಸರಿ, ಹಳದಿಯಾದ್ರೆ ಅಪಾಯ. ಕೊಳವೆಯಲ್ಲಿ ಸೆಕೆಂಡಿಗೆ ಮೂರು ಗುಳ್ಳೆ, ಅಷ್ಟೇ.”

“ಮೂರು ಗುಳ್ಳೆ! ನಮ್ಮ ಫ್ಯಾಕ್ಟರೀಲಿ ನೆಲ ಒರೆಸೋ ನೀರಲ್ಲೂ ಅದಕ್ಕಿಂತ ಜಾಸ್ತಿ ಗ್ಯಾಸ್ ಇರ್ತಿತ್ತು.”

“ಅಪ್ಪ, ಇದು ಸೋಡಾ ಅಲ್ಲ. ಇದರೊಳಗೆ ಜೀವ ಇದೆ.”

“ಆಯ್ತು ತಾಯಿ.”

ಆಯ್ತು ಎಂದ ಬಾಯಿ ಬೇರೆ, ಕೈ ಬೇರೆ. ಮಗಳು ಇನ್ನೊಂದು ಮಾತನ್ನೂ ಹೇಳಿದ್ದಳು: ಗಿಡಕ್ಕೆ ಹೊಟ್ಟೆ ತುಂಬಿದರೆ ಅದು ಮುತ್ತು ಬಿಡುತ್ತದೆ, ಎಂದರೆ ಎಲೆಗಳಿಂದ ಗಾಳಿಯ ಗುಳ್ಳೆ ಹೊರಡುತ್ತದೆ. ಸೋಡಣ್ಣ ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ. ಒಂದು ಮುತ್ತೂ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ನೋಡಬೇಕಿತ್ತು, ಅದು ಅವನ ಜಾಯಮಾನವಲ್ಲ. ಮೂರನೆಯ ದಿನ ಮಗಳು ಕೆಲಸಕ್ಕೆ ಹೋದ ಮೇಲೆ, ಅಕ್ಕ ಸ್ನಾನಕ್ಕೆ ಹೋದ ಹೊತ್ತು ನೋಡಿ, ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದ.

ಮಾರನೆಯ ದಿನ ಬೆಳಿಗ್ಗೆ ನೋಡುತ್ತಾನೆ, ಬೇರಿನ ಹಿಂದಿನ ಕೆಂಪೆಲೆ ಗಿಡಗಳ ನಡುವಿನಿಂದ ಗುಳ್ಳೆಗಳು ಸಾಲುಸಾಲಾಗಿ ಏಳುತ್ತಿವೆ! ಒಂದೆರಡಲ್ಲ, ನೂರಾರು. ಸೋಡಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಅಕ್ಕಾ, ಬಾ ಇಲ್ಲಿ, ಗಿಡ ಮುತ್ತು ಬಿಡ್ತಿದೆ!”

ಸಿಸ್ಟರಕ್ಕ ಬಂದು ನೋಡಿದಳು. “ಹೂಂ, ಬಿಡ್ತಿದೆ ಬಿಡ್ತಿದೆ” ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅಡುಗೆಮನೆಗೆ ಹೊರಟುಹೋದಳು. ಇವಳಿಗೆ ಹೊಟ್ಟೆಕಿಚ್ಚು ಎಂದು ಸೋಡಣ್ಣ ಖುಷಿಪಟ್ಟ.

ಅಲ್ಲಿಂದ ಇದೇ ಕಾರುಬಾರು. ದಿನಾ ಬೆಳಿಗ್ಗೆ ಕೂದಲೆಳೆಯಷ್ಟು ಗ್ಯಾಸ್ ಜಾಸ್ತಿ, ದಿನವಿಡೀ ಮುತ್ತಿನ ಸಾಲು. ಮಗಳಿಗೆ ಸೋಮವಾರ ರಜೆ. ಅವತ್ತು ಅವಳು ಗುಳ್ಳೆ ಎಣಿಸಿ, ‘ಈ ತಿರುಪು ತಾನಾಗೇ ಸಡಿಲ ಆಗ್ತಿದೆ, ದರಿದ್ರದ್ದು’ ಎಂದು ಬೈದು ಮೊದಲಿನ ಜಾಗಕ್ಕೆ ತಂದಿಡುತ್ತಿದ್ದಳು. ಅವತ್ತು ಮುತ್ತಿನ ಸಾಲು ಮಾಯ. ನೋಡಿದೆಯಾ, ಗ್ಯಾಸ್ ಕಮ್ಮಿ ಮಾಡಿದಳು, ಮುತ್ತು ನಿಂತಿತು ಎಂದು ಸೋಡಣ್ಣ ಮನಸ್ಸಿನಲ್ಲೇ ಮಗಳಿಗೆ ಪಾಠ ಹೇಳುತ್ತಿದ್ದ. ಮಂಗಳವಾರ ಮತ್ತೆ ತಿರುಪು, ಮತ್ತೆ ಮುತ್ತು. ಗಿಡಗಳೋ ನಾಚಿಕೆ ಬಿಟ್ಟು ಬೆಳೆಯುತ್ತಿದ್ದವು. ಬುಡ್ಡಿಯ ಬಣ್ಣ ಹಸಿರು ಬಿಟ್ಟು ಕದಲಲಿಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬೀಗುತ್ತಿದ್ದಳು, ಅವಳನ್ನು ನೋಡಿ ಅಪ್ಪ ಇನ್ನೂ ಬೀಗುತ್ತಿದ್ದ.

ಡಾಕ್ಟರಮ್ಮ ಬರಬೇಕಾದ ವಾರವೇ, ಬುಧವಾರ ಬೆಳಿಗ್ಗೆ, ಸಿಸ್ಟರಕ್ಕನ ಹಳೆಯ ಗೆಳತಿಯ ಫೋನು ಬಂತು. ತನ್ನ ಮಗಳಿಗೆ ಹೆರಿಗೆಯಾಗಿದೆ, ಕೂಸಿಗೆ ನೀರು ಹಾಕಲು ತನಗೆ ಕೈ ನಡುಗುತ್ತದೆ, ಹದಿನೈದು ದಿನ ಬಂದು ಇದ್ದುಬಿಡು ಎಂದು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಕೂಸೆಂದರೆ ಸಿಸ್ಟರಕ್ಕ ನಿಲ್ಲುವವಳೇ? ಅರ್ಧ ಗಂಟೆಯಲ್ಲಿ ಚೀಲ ತುಂಬಿದಳು.

“ಮೀನಿನ ಕಡೆ ಒಂದು ಕಣ್ಣಿಟ್ಟಿರೋ.”

“ನೀನು ಹೋಗು ಮಾರಾಯ್ತಿ. ನೀನಿಲ್ಲದಿದ್ರೆ ಮೀನೂ ಆರಾಮಾಗಿರ್ತವೆ, ನಾನೂ ಆರಾಮಾಗಿರ್ತೀನಿ.”

ಅವಳು ಬಾಗಿಲು ದಾಟಿದ್ದೇ ತಡ, ಸೋಡಣ್ಣ ಹಾಲಿನ ಕಿಟಕಿ ಮುಚ್ಚಿ, ಟಿವಿ ಶಬ್ದ ಜೋರು ಮಾಡಿ, ಕಾಲು ಚಾಚಿ ಕೂತ. ಆಹಾ, ಎಂಥ ನೆಮ್ಮದಿ! ಆ ನೆಮ್ಮದಿ ಮಧ್ಯಾಹ್ನದವರೆಗೆ ಇತ್ತು. ಆಮೇಲೆ ಯಾಕೋ ಬೇಸರವಾಗಿ ಟಿವಿ ಆರಿಸಿದ. ಜಗಳಕ್ಕೆ ಜನವಿಲ್ಲದ ಮನೆ ಬಿಕೋ ಎನ್ನುತ್ತಿತ್ತು.

ಗುರುವಾರ ಟ್ಯಾಂಕಿನ ಮುಂದೆ ಬಂದು ನಿಂತ. ಬೇರಿನ ಹಿಂದೆ ಮುತ್ತಿಲ್ಲ. ಒಂದೂ ಇಲ್ಲ. ಗಿಡಗಳು ಉಪವಾಸ ಬಿದ್ದಿವೆ ಎಂದುಕೊಂಡು ತಿರುಪನ್ನು ಎರಡು ಕೂದಲೆಳೆಯಷ್ಟು ಸಡಿಲಿಸಿದ. ಶುಕ್ರವಾರವೂ ಮುತ್ತಿಲ್ಲ. ಇನ್ನೊಂದಿಷ್ಟು ಸಡಿಲಿಸಿದ. ಗಾಜಿನ ಬುಡ್ಡಿ ಹಳದಿಗೆ ತಿರುಗಿತ್ತು. ಅದನ್ನು ಅವನು ನೋಡದೆ ಇರಲಿಲ್ಲ, ನೋಡಿದ. ಬುಡ್ಡಿಯೊಳಗಿನ ಬಣ್ಣದ ನೀರು ಹಳೆಯದಾಗಿರಬೇಕು ಎಂದುಕೊಂಡ. ಮೀಟರು ಒಂದು ಹೇಳಿ ಗುಳ್ಳೆ ಇನ್ನೊಂದು ಹೇಳಿದರೆ ಗುಳ್ಳೆಯನ್ನೇ ನಂಬು ಎಂಬುದು ಮೂವತ್ತೆಂಟು ವರ್ಷದ ಸರ್ವಿಸಿನ ಪಾಠ. ಮಗಳನ್ನು ಕೇಳೋಣವೆಂದರೆ ಅವಳ ಅಂಗಡಿಗೆ ಆ ವಾರ ಹೊಸ ಮೀನು ಬಂದು ಇಳಿದಿತ್ತು. ಅವಳು ಮನೆ ಸೇರುವಷ್ಟರಲ್ಲಿ ಟ್ಯಾಂಕಿನ ದೀಪ ಆರಿರುತ್ತಿತ್ತು. ಕೇಳಿದರೆ ತಾನು ತಿರುಪು ಮುಟ್ಟಿದ್ದೂ ಹೊರಬೀಳುತ್ತದಲ್ಲ!

ಶನಿವಾರ ಬೆಳಿಗ್ಗೆ ಮುತ್ತಿಲ್ಲದ ಟ್ಯಾಂಕನ್ನು ಡಾಕ್ಟರಮ್ಮನಿಗೆ ಹೇಗೆ ತೋರಿಸುವುದು ಎಂಬ ಆತಂಕದಲ್ಲಿ ಸೋಡಣ್ಣ ಕೂದಲೆಳೆಯ ಲೆಕ್ಕ ಬಿಟ್ಟು ಕಾಲು ಸುತ್ತು ತಿರುಗಿಸಿದ. ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆದು, ಎರಡೂವರೆಗೆ ಎದ್ದು ಬಂದ.

ಮೀನೆಲ್ಲ ಮೇಲಿದ್ದವು. ಮೂತಿಯನ್ನು ನೀರಿನ ಅಂಚಿಗೆ ಒತ್ತಿ, ಪುಟ್ಟ ಬಾಯಿಗಳನ್ನು ತೆರೆದು ಮುಚ್ಚಿ ಒದ್ದಾಡುತ್ತಿದ್ದವು.

“ಅಯ್ಯಯ್ಯೋ, ಕೆಟ್ಟೆ!”

ಸಿಲಿಂಡರನ್ನು ಬಿಗಿಯಾಗಿ ಮುಚ್ಚಿದ. ಮಗಳಿಗೆ ಫೋನು ಮಾಡಿದ, ಎತ್ತಲಿಲ್ಲ. ಗಿರಾಕಿಗಳಿದ್ದಾಗ ಆ ಅಂಗಡಿಯಲ್ಲಿ ಫೋನು ಡ್ರಾಯರಿನಲ್ಲಿರಬೇಕು. ಈಗ ಏನು ಮಾಡುವುದು? ಅವನ ಕೈಗಳಿಗೆ ಒಂದು ವಿಷಯ ನೆನಪಿತ್ತು. ಸೋಡಾದಿಂದ ಗ್ಯಾಸ್ ತೆಗೆಯಬೇಕೆಂದರೆ ಅದನ್ನು ಕುಲುಕಬೇಕು. ನಾಲ್ಕಡಿ ಟ್ಯಾಂಕನ್ನು ಕುಲುಕುವುದು ಎಲ್ಲಿ ಬಂತು? ಸ್ಟೂಲು ಹತ್ತಿ, ಸ್ನಾನದ ಮನೆಯ ಮಗ್ಗನ್ನು ತೊಳೆದು ತಂದು, ನೀರು ಮೊಗೆದು ಒಂದು ಮೊಳ ಎತ್ತರದಿಂದ ಮತ್ತೆ ಟ್ಯಾಂಕಿಗೇ ಸುರಿಯತೊಡಗಿದ. ಒಂದು ಕೈಯಲ್ಲಿ ಮಗ್ಗು, ಇನ್ನೊಂದು ಕೈಯಲ್ಲಿ ಫೋನು. ಆ ಹೊತ್ತಿನಲ್ಲಿ ಅವನಿಗೆ ನೆನಪಾದದ್ದು ಒಬ್ಬಳೇ.

“ಅಕ್ಕಾ, ಮೀನಿಗೆ ಉಸಿರು ಕಟ್ತಿದೆ ಕಣೇ!”

ಸಿಸ್ಟರಕ್ಕನ ದನಿ ಆ ಕ್ಷಣವೇ ವಾರ್ಡಿನ ದನಿಯಾಯಿತು. ಅರ್ಧ ಕಿವಿಗೂ ಸ್ಪಷ್ಟವಾಗಿ ಕೇಳುವಂಥದ್ದು.

“ಗ್ಯಾಸ್ ಬಂದ್ ಮಾಡಿದ್ಯಾ?”

“ಮಾಡಿದೆ.”

“ಕಿಟಕಿ ತೆಗೆ. ಪರದೆ ಹಿಂದೆ ಕೆಳಗಡೆ ಒಂದು ಸ್ವಿಚ್ಚಿದೆ. ಒತ್ತು.”

“ಯಾವ ಸ್ವಿಚ್ಚೇ? ಅಲ್ಲಿ ಯಾವ ಸ್ವಿಚ್ಚೂ...”

“ಒತ್ತೋ ಮೊದಲು! ಮಾತು ಆಮೇಲೆ.”

ಪರದೆ ಸರಿಸಿದರೆ ಅಂಗೈಯಗಲದ ಒಂದು ಹಳೆಯ ಪಂಪು. ಅದರಿಂದ ಸಣ್ಣ ಕೊಳವೆಯೊಂದು ಗೋಡೆಗುಂಟ ಹೋಗಿ ಬೇರಿನ ಹಿಂದೆ ಇಳಿದಿತ್ತು. ಸೋಡಣ್ಣ ಸ್ವಿಚ್ಚೊತ್ತಿದ. ಕೆಂಪೆಲೆ ಗಿಡಗಳ ನಡುವಿನಿಂದ ಗುಳ್ಳೆಗಳು ಸಾಲುಸಾಲಾಗಿ, ನೂರಾರು, ಮೇಲೆದ್ದವು. ಅವೇ ಮುತ್ತುಗಳು.

ಸೋಡಣ್ಣ ಬಾಯಿ ತೆರೆದು ನಿಂತ, ಮೀನಿನ ಹಾಗೆಯೇ.

“ಅಕ್ಕ... ಈ ಮುತ್ತೆಲ್ಲ ನಿನ್ನದಾ?”

“ಮುತ್ತೆಲ್ಲಿ ಬಂತೋ, ಬರೀ ಗಾಳಿ. ಮೀನು ಯಾಕೋ ಮೇಲೆ ಮೇಲೆ ಬಂದು ಏದುಸಿರು ಬಿಡ್ತಿದ್ವು. ನೋಡಿಕೊಂಡು ಸುಮ್ಮನಿರೋಕೆ ನಾನೇನು ಕಟುಕಳಾ? ಅಟ್ಟದ ಡಬ್ಬದಲ್ಲಿ ಪಂಪು ಬಿದ್ದಿತ್ತು, ತಂದು ಹಾಕಿದೆ. ಹುಡುಗಿ ಬೈತಾಳೆ ಅಂತ ಅವಳು ಬರೋ ಹೊತ್ತಿಗೆ ಆರಿಸ್ತಿದ್ದೆ. ನಿನಗಂತೂ ಅದರ ಸದ್ದು ಕೇಳಲ್ಲ.”

“ಮತ್ತೆ ಹೋಗುವಾಗ ಹೇಳಬಾರದಿತ್ತಾ?”

“ಸೋಮವಾರ ಪಂಪಿಲ್ಲದಿದ್ರೂ ಚೆನ್ನಾಗೇ ಇರ್ತಿದ್ವಲ್ಲ, ಅದಕ್ಕೆ ಹೇಳಲಿಲ್ಲ. ಅಂದಹಾಗೆ ಗ್ಯಾಸ್ ಇಷ್ಟು ಜಾಸ್ತಿ ಹೇಗಾಯ್ತೋ?”

ಮೂವತ್ತೆಂಟು ವರ್ಷದ ಸರ್ವಿಸು, ಅವನ ಜಂಬ ಎಲ್ಲ ಆ ಪಂಪಿನ ಮುಂದೆ ಮಂಡಿಯೂರಿ ಕೂತಿದ್ದವು.

“ಲೋ, ನೀನೇನಾದ್ರೂ...” ಎಂದಳು ಅಕ್ಕ. “ಇರು, ಬರ್ತೀನಿ.”

ಅವಳು ಬಂದಾಗ ಸಂಜೆ ಆರೂಕಾಲು. ಸೋಡಣ್ಣ ಇನ್ನೂ ಸ್ಟೂಲಿನ ಮೇಲಿದ್ದ, ಅಂಗಿಯೆಲ್ಲ ಒದ್ದೆ. ಮೀನು ಒಂದೊಂದಾಗಿ ಕೆಳಗಿಳಿದಿದ್ದವು. ಸಿಸ್ಟರಕ್ಕ ಚೀಲವನ್ನೂ ಇಡದೆ ಟ್ಯಾಂಕಿನ ಮುಂದೆ ಕೂತು ಎಣಿಸಿದಳು. ಇಪ್ಪತ್ತೊಂದು. ಮತ್ತೆ ಎಣಿಸಿದಳು. ಇಪ್ಪತ್ತೊಂದೇ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ದಿನ ಅವರು ಜಗಳವಾಡಲಿಲ್ಲ.

ಏಳೂವರೆಗೆ ಮಗಳು ಬಂದಳು. ಅಪ್ಪ, ಅತ್ತೆ ಇಬ್ಬರೂ ಸೋಫಾದ ಮೇಲೆ ಕೈ ಕಟ್ಟಿ ಒತ್ತಿಕೊಂಡು ಕೂತದ್ದನ್ನು ನೋಡಿಯೇ ಅವಳಿಗೆ ಅರ್ಧ ಗೊತ್ತಾಯಿತು. ಉಳಿದರ್ಧವನ್ನು ಇಬ್ಬರೂ ಒಟ್ಟಿಗೇ ಒಪ್ಪಿಸಿದರು. ಅವಳು ಮೊದಲು ನೀರನ್ನು ಅಳೆದಳು. ಹನಿ ಹಾಕಿ ಗಡಸುತನ ನೋಡಿದಳು, ಎಂದಿನಂತೆ ನಾಲ್ಕು. ಹುಳಿ ಅಳೆಯುವ ಕಡ್ಡಿ ಅದ್ದಿದಳು, ಆರು ಪಾಯಿಂಟ್ ಆರು.

“ನೀರು ಸರಿಹೋಗಿದೆ” ಎಂದಳು. ಆಮೇಲೆ ನೆಲದ ಮೇಲೆ ಕೂತು ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡಳು. “ಎಲ್ಲ ನನ್ನ ಕೈಗುಣ ಅಂದ್ಕೊಂಡಿದ್ದೆ.”

ಸೋಡಣ್ಣನಿಗೆ ಆ ಮಾತು ಚುಚ್ಚಿತು. ಅವಳು ಕಿರುಚಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. “ತಪ್ಪಾಯ್ತು ಮಗಳೇ. ನಿನಗೆ ಏನಾದ್ರೂ ಮಾಡಬೇಕು ಅನ್ನಿಸ್ತು. ನನಗೆ ಬರೋದು ಇದೊಂದೇ.”

“ನನಗೂ ಬರೋದು ಅದೊಂದೇ” ಎಂದಳು ಸಿಸ್ಟರಕ್ಕ, ಕಣ್ಣೊರೆಸಿಕೊಂಡು.

ಮಗಳು ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. ತುಟಿಯ ಒಂದು ಕೊನೆ ನಡುಗಿತು. ಅಳುತ್ತಾಳೆ ಎಂದುಕೊಂಡರೆ, ನಕ್ಕುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಪ್ಪ ತುಂಬೋದಂತೆ, ಅತ್ತೆ ತೆಗೆಯೋದಂತೆ! ಬುಡ್ಡಿ ಹಸಿರಾಗಿರದೆ ಇನ್ನೇನಾಗುತ್ತೆ? ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ರೂ ಇಷ್ಟು ಸರಿಯಾಗಿ ಬರ್ತಿರಲಿಲ್ಲ! ಆದ್ರೆ ನಾಳೆ ಡಾಕ್ಟರಿಗೆ ನಾನು ಸುಳ್ಳು ಹೇಳಲ್ಲ. ಎಲ್ಲ ಹೇಳ್ತೀನಿ.”

“ಹೇಳಿದ್ರೆ ಕೆಲಸ ಕೊಡ್ತಾರಾ?” ಎಂದ ಸೋಡಣ್ಣ. ಮಗಳು ನೋಟ್‌ಬುಕ್ಕು ಮುಚ್ಚಿ ಎದ್ದಳು.

ಭಾನುವಾರ ಸರಿಯಾಗಿ ಹತ್ತಕ್ಕೆ ಡಾಕ್ಟರಮ್ಮ ಬಂದರು. ಮಗಳು ಅಂಗಡಿಗೆ ರಜೆ ಹಾಕಿ, ಬೆಳಿಗ್ಗೆಯೇ ಗುಳ್ಳೆ ಎಣಿಸಿ ಗ್ಯಾಸ್ ಬಿಟ್ಟು, ದೀಪ ಹಾಕಿದ್ದಳು. ಡಾಕ್ಟರಮ್ಮ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಬಾಯೊಳಗೆ ಹುಳುಕು ಹುಡುಕುವವರ ಹಾಗೆ ಮೂಲೆಮೂಲೆ ನೋಡಿದರು. ಸೋಡಣ್ಣ ಬಾಗಿಲ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದ. ಅವನು ಉಸಿರಾಡುತ್ತಿಲ್ಲವೆಂದು ಅಕ್ಕ ಪಕ್ಕೆಗೆ ತಿವಿದಳು.

“ಎಷ್ಟು ಮೀನಿವೆ?”

“ಇಪ್ಪತ್ತೆರಡಿದ್ವು” ಎಂದಳು ಮಗಳು. “ನಿನ್ನೆ ಒಂದು ತಪ್ಪಾಗಿ...”

“ಈ ಬೇರಿನ ಪೊಟರೆಯಲ್ಲಿ ಒಂದು ಅಡಗಿ ಕೂತಿದೆಯಲ್ಲ, ಅದೂ ಸೇರಿಯಾ?”

ಸಿಸ್ಟರಕ್ಕ ಎಲ್ಲಿದ್ದಳೋ, ಡಾಕ್ಟರಮ್ಮನನ್ನು ಪಕ್ಕಕ್ಕೆ ಸರಿಸಿಯೇಬಿಟ್ಟಳು. “ಇದೆ! ಉಸಿರಾಡ್ತಿದೆ! ಲೋ, ಇಪ್ಪತ್ತೆರಡು ಕಣೋ!” ಎಂದು ತಮ್ಮನ ಹೆಗಲು ಹಿಡಿದು ಅಲುಗಾಡಿಸಿದಳು. ಸೋಡಣ್ಣ ಅರವತ್ತರ ಗಂಡಸೆಂಬುದನ್ನೂ ಮರೆತು ಒಂದು ಸಲ ಕುಣಿದ. ಡಾಕ್ಟರಮ್ಮ ಕಕ್ಕಾಬಿಕ್ಕಿ. ಇನ್ನು ಮುಚ್ಚಿಡಲು ಏನಿತ್ತು? ಮಗಳು ನಡೆದದ್ದೆಲ್ಲ ಹೇಳಿದಳು. ಸಡಿಲವಾಗುವ ತಿರುಪು, ಪರದೆ ಹಿಂದಿನ ಪಂಪು, ಮಗ್ಗು, ಒಂದನ್ನೂ ಬಿಡಲಿಲ್ಲ. “ಟ್ಯಾಂಕ್ ನಾನೊಬ್ಬಳೇ ಮಾಡಿದ್ದಲ್ಲ ಡಾಕ್ಟ್ರೇ” ಎಂದು ನಿಲ್ಲಿಸಿದಳು.

ಡಾಕ್ಟರಮ್ಮ ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟರು. “ನನ್ನ ಹತ್ರ ಬರೋರೆಲ್ಲ ಹೆದರಿಕೊಂಡು ಬರ್ತಾರೆ. ಅವರ ಮುಂದೆ ಇಷ್ಟು ಕಾಳಜಿಯಿಂದ ಬೆಳೆದದ್ದೊಂದು ಇರಲಿ ಅಂತಾನೇ ನನಗೆ ಈ ಟ್ಯಾಂಕ್ ಬೇಕು. ಮುಂದಿನ ವಾರ ಬಂದು ಜಾಗ ಅಳತೆ ಮಾಡಿ. ಆದ್ರೆ ಒಂದು ಮಾತು. ವಾರಕ್ಕೊಮ್ಮೆ ನೋಡಿಕೊಳ್ಳೋಕೆ ಬರುವಾಗ ಇವರಿಬ್ಬರನ್ನೂ ಒಟ್ಟಿಗೇ ಕರ್ಕೊಂಡು ಬನ್ನಿ. ಒಬ್ಬೊಬ್ಬರನ್ನೇ ಬಿಡಬೇಡಿ, ನನ್ನ ಮೀನು ಉಳಿಯಲ್ಲ!”

ಅವರು ಹೋದ ಮೇಲೆ ಮಗಳು ಅಪ್ಪನ ಮೂಗಿಗೆ ತಾನೇ ಕನ್ನಡಕ ಏರಿಸಿ ಟ್ಯಾಂಕಿನ ಮುಂದೆ ಕೂರಿಸಿದಳು. ಹುಲ್ಲಿನ ಪ್ರತಿ ಎಸಳಿನ ತುದಿಯಲ್ಲೂ ಸಾಸಿವೆಗಿಂತ ಸಣ್ಣ ಗುಳ್ಳೆ, ಬೆಳ್ಳಗೆ ಹೊಳೆಯುತ್ತಿತ್ತು. ನೋಡುತ್ತಿದ್ದಂತೆ ಒಂದು ಕಳಚಿಕೊಂಡು ಮೇಲೆ ಹೋಯಿತು, ಅದರ ಜಾಗದಲ್ಲಿ ಇನ್ನೊಂದು ಮೂಡಿತು.

“ಇದಪ್ಪ ಮುತ್ತು” ಎಂದಳು ಮಗಳು. “ಮೊದಲ ದಿನದಿಂದಲೂ ಇತ್ತು.”

ಸೋಡಣ್ಣ ಬಹಳ ಹೊತ್ತು ಕೂತು ನೋಡಿದ. ಅವನ ಹಿಂದೆ ಮಗಳು ಕೆಲಸ ಹಂಚಿದಳು. ತಿರುಪಿನ ಮೇಲೆ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದು, ದಿನಾ ಬೆಳಿಗ್ಗೆ ಗುಳ್ಳೆ ಎಣಿಸುವುದು ಅಪ್ಪನ ಕೆಲಸ, ಗೆರೆ ದಾಟುವಂತಿಲ್ಲ ಎಂದಳು. ಬೆಳಕಿದ್ದಾಗ ಗ್ಯಾಸ್, ಬೆಳಕು ಆರಿದ ಮೇಲೆ ಗಾಳಿ. ಅತ್ತೆಯ ಪಂಪನ್ನು ಪರದೆಯ ಹಿಂದಿನಿಂದ ಹೊರಗೆ ತಂದು, ತಾನಾಗಿ ಹತ್ತಿ ಆರುವ ಟೈಮರಿಗೆ ಜೋಡಿಸಿದಳು.

ಸಂಜೆ ಸಿಸ್ಟರಕ್ಕ ಮತ್ತೆ ಚೀಲ ಹಿಡಿದು ಬಾಗಿಲಿಗೆ ಬಂದಳು. ಗೆಳತಿಯ ಮನೆಯ ಕೂಸು ಕಾಯುತ್ತಿತ್ತು, ಇನ್ನೂ ಹನ್ನೊಂದು ದಿನ ಬಾಕಿ.

ಸೋಡಣ್ಣ ಬಾಗಿಲಿಗೆ ಅಡ್ಡ ನಿಂತ. “ಹೋಗಲೇಬೇಕಾ? ನೀನು ಹೋದ್ರೆ ಮೀನಿಗೆ ಕಷ್ಟ ಆಗುತ್ತೆ.”

“ಟೈಮರು ಹಾಕಿದ್ದಾಳಲ್ಲೋ ಹುಡುಗಿ. ನಾನಿದ್ರೂ ಒಂದೇ, ಇಲ್ಲದಿದ್ರೂ ಒಂದೇ. ಮೀನಿಗೇನು ಕಷ್ಟ?”

ಸೋಡಣ್ಣ ಟ್ಯಾಂಕಿನ ಕಡೆ ನೋಡಿದ, ಗೋಡೆ ಗಡಿಯಾರದ ಕಡೆ ನೋಡಿದ, ತಾನು ಮಧ್ಯಾಹ್ನ ಮುಚ್ಚಿದ್ದ ಕಿಟಕಿಯ ಕಡೆ ನೋಡಿದ. ನೆಪ ಒಂದೂ ಉಳಿದಿರಲಿಲ್ಲ.

“ಮೀನಿಗಲ್ಲ, ನನಗೆ ಕಷ್ಟ” ಎಂದ. “ನೀನಿಲ್ಲದೆ ನನಗೆ ಈ ಮನೇಲಿ ಆಗಲ್ಲ ಕಣೇ. ಬೇಗ ಬಂದುಬಿಡು.”

ಹನ್ನೊಂದು ವರ್ಷದಲ್ಲಿ ಅವನು ಅಂಥ ಮಾತು ಆಡಿದ್ದು ಇದೇ ಮೊದಲು. ಸಿಸ್ಟರಕ್ಕ ಚೀಲವನ್ನು ತಮ್ಮನ ಕೈಗೆ ಕೊಟ್ಟು, ಹಾಲಿಗೆ ವಾಪಸು ಹೋಗಿ ಕಿಟಕಿಯನ್ನು ಅಗಲವಾಗಿ ತೆರೆದು ಬಂದಳು.

“ನಾನು ಬರೋವರೆಗೂ ಇದು ಹೀಗೇ ಇರಬೇಕು” ಎಂದಳು.

ಸೋಡಣ್ಣ ಚೀಲ ಹೊತ್ತು ಬಸ್ ನಿಲ್ದಾಣದವರೆಗೂ ಅವಳ ಜೊತೆ ನಡೆದ. ಹನ್ನೊಂದು ದಿನವೂ ಕಿಟಕಿ ತೆರೆದೇ ಇತ್ತು.